ಝಂಗಾರೊ ದೇಶದ ಜಾಡು ಹಿಡಿದು

ಝಂಗಾರೊ ಎಂಬ ದೇಶ ಯಾವ ಭೂಪಟದಲ್ಲೂ ಇಲ್ಲ. ಅದರ ರಾಜಧಾನಿ ಕ್ಲಾರೆನ್ಸ್ ಮಾತ್ರ ಒಂದು ಕಾಲಕ್ಕೆ ನಿಜವಾಗಿಯೂ ಇತ್ತು. ಗಿನಿ ಕೊಲ್ಲಿಯ ಫರ್ನಾಂಡೊ ಪೊ ದ್ವೀಪದಲ್ಲಿ ಬ್ರಿಟಿಷರು 1827ರಲ್ಲಿ ಹೂಡಿದ ನೆಲೆಗೆ ಪೋರ್ಟ್ ಕ್ಲಾರೆನ್ಸ್ ಎಂದು ಹೆಸರು. ಸ್ಪೇನಿನವರ ಆಳ್ವಿಕೆಯಲ್ಲಿ ಅದು ಸಾಂತಾ ಇಸಾಬೆಲ್ ಆಯಿತು, 1973ರಲ್ಲಿ ಮಲಾಬೊ ಆಯಿತು. ಝಂಗಾರೊವನ್ನು ಕಲ್ಪಿಸಿದ, ಇಂಗ್ಲಿಷ್ ಲೇಖಕ ಫ್ರೆಡರಿಕ್ ಫೋರ್ಸೈತರ ‘ದಿ ಡಾಗ್ಸ್ ಆಫ್ ವಾರ್’ ಕಾದಂಬರಿ ಬಂದದ್ದು 1974ರಲ್ಲಿ. ನಮ್ಮ ಕಾಲೇಜಿನ ಹಳೆಯ ವಿಶ್ವಕೋಶದಲ್ಲಿ ಈ ಊರಿನ ಪೂರ್ವಾಪರ ಓದಿದ ಮೇಲೆ, ಬರಿಯ ರೋಮಾಂಚನಕ್ಕೆ ಓದಿ ಮುಗಿಸಿದ್ದ ಪುಸ್ತಕವನ್ನು ಪೆನ್ಸಿಲ್ ಹಿಡಿದು ಮತ್ತೆ ಓದಲು ಕೂತೆ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಝಂಗಾರೊದ ಬೆಟ್ಟವೊಂದರಲ್ಲಿ ಅಪಾರ ಪ್ಲಾಟಿನಂ ಇರುವುದು ಲಂಡನ್ನಿನ ಗಣಿ ಉದ್ಯಮಿ ಮ್ಯಾನ್ಸನ್‌ಗೆ ತಿಳಿಯುತ್ತದೆ. ಅಧ್ಯಕ್ಷ ಕಿಂಬಾ ಸೋವಿಯತ್ ಕಡೆಯವನು. ಸುದ್ದಿ ಹೊರಬಿದ್ದರೆ ಗಣಿ ರಷ್ಯನ್ನರ ಪಾಲಾಗುತ್ತದೆ. ಹಾಗಾಗಿ ಶ್ಯಾನನ್ ಎಂಬ ಬಾಡಿಗೆ ಸೈನಿಕನಿಗೆ ಹಣ ಕೊಟ್ಟು, ಕಿಂಬಾನನ್ನು ಮುಗಿಸಿ, ಹೇಳಿದಲ್ಲಿ ಸಹಿ ಹಾಕುವ ಕರ್ನಲ್ ಬೋಬಿಯನ್ನು ಗದ್ದುಗೆಯಲ್ಲಿ ಕೂರಿಸುವ ಹುನ್ನಾರ.

ರಾಜ್ಯಶಾಸ್ತ್ರದ ತರಗತಿಯಲ್ಲಿ ಕಿಂಬಾನ ವರ್ಣನೆ ಓದಿ ಹೇಳಿದರೆ ಹಿಂದಿನ ಬೆಂಚಿನಿಂದ ‘ಇದಿ ಅಮೀನ್’ ಎಂಬ ಉತ್ತರ ಬರುತ್ತದೆ. ಆದರೆ ಅಮೀನ್ ಆಳಿದ ಉಗಾಂಡಕ್ಕೆ ಸಮುದ್ರವೇ ಇಲ್ಲ. ಈ ಕಾದಂಬರಿಯಲ್ಲಿ ದಾಳಿಯೆಲ್ಲ ಹಡಗಿನಿಂದ, ರಬ್ಬರ್ ದೋಣಿಗಳಲ್ಲಿ ನಡೆಯುತ್ತದೆ. ಸರ್ವಾಧಿಕಾರಿಗಳ ಚರ್ಯೆ ಒಬ್ಬರದಿದ್ದಂತೆ ಇನ್ನೊಬ್ಬರದಿರುತ್ತದೆ. ಮುಖ ನೋಡಿ ದೇಶ ಗುರುತಿಸಲು ಹೊರಟರೆ ದಾರಿ ತಪ್ಪುವುದು ಖಂಡಿತ. ನಾನು ಕೇಳಿಕೊಳ್ಳುವ ಪ್ರಶ್ನೆಗಳು ಬೇರೆ: ಕಡಲು ಎಲ್ಲಿದೆ, ಹೊರಗೆ ಮಾರುವ ಸರಕು ಯಾವುದು, ತೋಟದಲ್ಲಿ ಮೈಮುರಿದು ದುಡಿಯುವವರು ಯಾರು, ಬೊಕ್ಕಸದ ಬೀಗದ ಕೈ ಯಾರ ಸೊಂಟದಲ್ಲಿದೆ. ಇದರ ಜೊತೆಗೆ ಒಂದು ಕಟ್ಟುನಿಟ್ಟು ಹಾಕಿಕೊಂಡಿದ್ದೆ. ಪುಸ್ತಕ ಅಚ್ಚಾದ ಮೇಲೆ ನಡೆದದ್ದನ್ನು ಅದಕ್ಕೆ ಮೂಲವೆಂದು ಎಣಿಸುವಂತಿಲ್ಲ.

ಈ ಪ್ರಶ್ನೆಗಳಿಗೆ ಈಕ್ವಟೋರಿಯಲ್ ಗಿನಿ ಒಂದೊಂದಾಗಿ ಉತ್ತರ ಕೊಡುತ್ತಾ ಹೋಯಿತು. ಫರ್ನಾಂಡೊ ಪೊ ದ್ವೀಪವೂ ಸೇರಿದಂತೆ 1968ರ ಅಕ್ಟೋಬರ್ 12ರಂದು ಸ್ಪೇನಿನಿಂದ ಸ್ವತಂತ್ರವಾದ ಪುಟ್ಟ ದೇಶ ಅದು; ಮುಂದೆ ಅದನ್ನು ಬರಿಯ ಗಿನಿ ಎನ್ನುತ್ತೇನೆ. ಚುನಾವಣೆಯಲ್ಲಿ ಗೆದ್ದು ಬಂದ ಫ್ರಾನ್ಸಿಸ್ಕೊ ಮಾಸಿಯಾಸ್ ನ್ಗುಯೆಮಾ 1972ರಲ್ಲಿ ತನ್ನನ್ನು ಆಜೀವ ಅಧ್ಯಕ್ಷನೆಂದು ಘೋಷಿಸಿಕೊಂಡ. ಓದಿದವರನ್ನು ಹುಡುಕಿ ಹುಡುಕಿ ಕೊಲ್ಲಿಸಿದ. ಕಾದಂಬರಿಯ ಕಿಂಬಾ ಮಾಡಿದ್ದೂ ಅದನ್ನೇ. ಅಲ್ಲಿ ಬರುವ ಕ್ರಿಸ್ಟಲ್ ಬೆಟ್ಟದ ಹೆಸರಿನ ಶ್ರೇಣಿ ಗ್ಯಾಬನ್ ಗಡಿಯ ಆಸುಪಾಸಿನಲ್ಲಿ ಇಂದಿಗೂ ಇದೆ.

ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ತೋಟದ ಕೂಲಿಯವರ ಸಂಗತಿ. ಝಂಗಾರೊದಲ್ಲಿ ನಿಜವಾಗಿ ದುಡಿಯುವವರು ವಲಸೆ ಬಂದವರು ಎಂಬ ಮಾತು ಕಾದಂಬರಿಯಲ್ಲಿ ಹಾದುಹೋಗುವಂತೆ ಬರುತ್ತದೆ. ಓಡುವ ಕಥೆಯಲ್ಲಿ ಅದನ್ನು ಯಾರೂ ಗಮನಿಸುವುದಿಲ್ಲ. ಫರ್ನಾಂಡೊ ಪೊ ದ್ವೀಪದ ಬದುಕೆಲ್ಲ ಕೊಕ್ಕೋ ತೋಟಗಳ ಮೇಲೆ ನಿಂತಿತ್ತು. ಅಲ್ಲಿ ಬೆವರು ಹರಿಸಿದವರು ನೈಜೀರಿಯಾದಿಂದ, ಅದರಲ್ಲೂ ಅದರ ಪೂರ್ವ ಭಾಗದಿಂದ ಗುತ್ತಿಗೆಯ ಮೇಲೆ ಬಂದವರು. ಪುತ್ತೂರಿನ ಕಡೆ ಅಡಿಕೆ ಮರಗಳ ನಡುವೆ ಕೊಕ್ಕೋ ಇರುವ ಮನೆಯವಳು ನಾನು. ಮಳೆಗಾಲದಲ್ಲಿ ಕೊಯ್ಯುವ ಆಳು ಸರಿಯಾದ ವಾರಕ್ಕೆ ಬಾರದಿದ್ದರೆ ಹಣ್ಣು ಅಳಿಲಿಗೆ, ಅಳಿಲು ಬಿಟ್ಟದ್ದು ಕೊಳೆರೋಗಕ್ಕೆ. ಆದ್ದರಿಂದ 1976ರ ಹೊತ್ತಿಗೆ ನೈಜೀರಿಯಾ ತನ್ನ ಜನರನ್ನು ವಾಪಸು ಕರೆಸಿಕೊಂಡಿತು, ಮಾಸಿಯಾಸ್ ತನ್ನ ಪ್ರಜೆಗಳನ್ನೇ ಬಲವಂತದ ದುಡಿಮೆಗೆ ಅಟ್ಟಿದ ಎಂದು ಓದಿದಾಗ ಮುಂದೇನಾಯಿತೆಂದು ಯಾರೂ ಹೇಳಬೇಕಾಗಿರಲಿಲ್ಲ. ಸ್ವಾತಂತ್ರ್ಯದ ಹೊತ್ತಿಗೆ ವರ್ಷಕ್ಕೆ ಸುಮಾರು 38,000 ಟನ್ ಇದ್ದ ಕೊಕ್ಕೋ, ದಶಕ ಕಳೆಯುವುದರೊಳಗೆ ಅದರ ಸಣ್ಣದೊಂದು ಪಾಲಿಗೆ ಇಳಿದಿತ್ತು.

ಈ ಕೂಲಿಯವರನ್ನು ಬಿಟ್ಟರೆ ಕಾದಂಬರಿಯ ಕೊನೆ ಅರ್ಥವಾಗುವುದಿಲ್ಲ. ಶ್ಯಾನನ್ ಗಣಿ ಉದ್ಯಮಿಗೆ ಕೈಕೊಟ್ಟು, ದೇಶವನ್ನು ಆ ವಲಸೆಗಾರರಿಗೂ ಸೋತ ‘ಜನರಲ್’ ಒಬ್ಬನ ಕಡೆಯವರಿಗೂ ಒಪ್ಪಿಸುತ್ತಾನೆ. ಕಥೆ ಶುರುವಾಗುವುದೂ ಆ ಜನರಲ್ ರಾತ್ರೋರಾತ್ರಿ ವಿಮಾನ ಹತ್ತುವಲ್ಲಿ. ಅದು 1970ರ ಜನವರಿಯ ಬಿಯಾಫ್ರಾ, ನೈಜೀರಿಯಾದಿಂದ ಬೇರೆಯಾಗಲು ಹೋರಾಡಿ ಸೋತ ಅದರ ಪೂರ್ವ ಭಾಗ. ಜನರಲ್ ಎಂದರೆ ಬಿಯಾಫ್ರಾದ ನಾಯಕ ಒಜುಕ್ವು. ಫೋರ್ಸೈತ್ ಆ ಯುದ್ಧವನ್ನು ವರದಿ ಮಾಡಿದವರು, ಬಿಯಾಫ್ರಾದ ಪರವಾಗಿ ಪುಸ್ತಕವನ್ನೇ ಬರೆದವರು. ರೆಡ್ ಕ್ರಾಸ್ ವಿಮಾನಗಳು ಬಿಯಾಫ್ರಾಕ್ಕೆ ಆಹಾರ ಒಯ್ಯುತ್ತಿದ್ದುದು ಇದೇ ಸಾಂತಾ ಇಸಾಬೆಲ್‌ನಿಂದ, ಅದಕ್ಕೆ ತಡೆ ಹಾಕಿದ್ದು ಸ್ವತಂತ್ರ ಗಿನಿಯ ಸರಕಾರ. ನಿಜದಲ್ಲಿ ಸೋತದ್ದನ್ನು ಫೋರ್ಸೈತ್ ಕಾದಂಬರಿಯಲ್ಲಿ ಗೆದ್ದುಕೊಂಡರು ಎಂದೇ ನಾನು ಓದುತ್ತೇನೆ. 1973ರಲ್ಲಿ ಗಿನಿಯ ಮೇಲೆ ನಡೆಯಬೇಕಿದ್ದ, ದಾರಿಯಲ್ಲೇ ಮುರಿದುಬಿದ್ದ ದಾಳಿಗೆ ಅವರೇ ಹಣ ಕೊಟ್ಟಿದ್ದರೆಂದು ಲಂಡನ್ನಿನ ಸಂಡೇ ಟೈಮ್ಸ್ 1978ರಲ್ಲಿ ಬರೆಯಿತು. ಅವರು ಅದನ್ನು ಅಲ್ಲಗಳೆದರು. ಪತ್ತೇದಾರಿಕೆಯ ಚಪಲವಿರುವವರಿಗೆ ಇದೊಂದೇ ಸಾಕು. ನನಗೆ ಮಾತ್ರ ಕೂಲಿಯವರ ಎಳೆಯೇ ಹೆಚ್ಚು ಗಟ್ಟಿ.

ಹೊಂದದ ಸಂಗತಿಗಳನ್ನು ನೋಟ್‌ಬುಕ್ಕಿನ ಬಲಗಡೆಗೆ ಬರೆಯುತ್ತಿದ್ದೆ. ಅಲ್ಲಿ ಮೊದಲನೆಯದು ಪ್ಲಾಟಿನಂ. ಗಿನಿಯಲ್ಲಿ ಅದು ಇರಲಿಲ್ಲ. ಆ ಕಾಲದಲ್ಲಿ ಜಗತ್ತಿನ ಪ್ಲಾಟಿನಂ ಬಹುಪಾಲು ದಕ್ಷಿಣ ಆಫ್ರಿಕ ಮತ್ತು ಸೋವಿಯತ್ ಒಕ್ಕೂಟದ ಕೈಯಲ್ಲಿತ್ತು. ಮೂರನೆಯವನೊಬ್ಬನಿಗೆ ಗಣಿ ಸಿಕ್ಕಿದರೆ ಮಾರುಕಟ್ಟೆಯೇ ಅಲ್ಲಾಡುತ್ತದೆ. ಕಥೆಗೆ ಬೇಕಾದ ಉದ್ವೇಗ ಕೊಕ್ಕೋದಿಂದ ಹುಟ್ಟುವುದಿಲ್ಲ. ಗಣಿ ಕಂಪನಿಯೊಂದು ತನಗೆ ಬೇಕಾದ ಆಳ್ವಿಕೆಯನ್ನು ಪೋಷಿಸುವ ಮಾದರಿಗೆ ಹತ್ತಿರದ ಜೋಡಿ ಸಿಕ್ಕಿದ್ದು ಗಿನಿಯಲ್ಲಲ್ಲ, ಕಾಂಗೋದಲ್ಲಿ. 1960ರಲ್ಲಿ ಕಟಾಂಗ ಪ್ರಾಂತ ಬೇರೆಯಾದಾಗ ಅದರ ನಾಯಕ ಶೋಂಬೆಯ ಬೆನ್ನಿಗೆ ಬೆಲ್ಜಿಯಂನ ಗಣಿ ಕಂಪನಿ ಯೂನಿಯನ್ ಮಿನಿಯೇರ್ ಇತ್ತು, ಬಿಳಿಯ ಬಾಡಿಗೆ ಸೈನಿಕರೂ ಇದ್ದರು. (ಶೋಂಬೆ ಬೋಬಿಯಷ್ಟು ಪೆದ್ದನಾಗಿರಲಿಲ್ಲ ಎನ್ನಿ.)

ಎರಡನೆಯದು ಬೊಕ್ಕಸ. ಕಿಂಬಾ ಖಜಾನೆ, ಶಸ್ತ್ರಾಗಾರ, ರೇಡಿಯೊ ಕೇಂದ್ರ ಮೂರನ್ನೂ ಅರಮನೆಯೊಳಗೇ ಇಟ್ಟುಕೊಂಡಿದ್ದಾನೆ. ಅದೊಂದು ಬಿದ್ದರೆ ದೇಶವೇ ಬಿದ್ದಂತೆ. ಮಾಸಿಯಾಸ್ ಕೂಡ ದೇಶದ ಹಣವನ್ನು ಮನೆಯಲ್ಲೇ ಇಟ್ಟುಕೊಂಡವನು. ಆದರೆ ಕೊನೆಗಾಲದಲ್ಲಿ ಆ ಮನೆ ಇದ್ದದ್ದು ಕಡಲಿನಿಂದ ಬಲು ದೂರ, ಗ್ಯಾಬನ್ ಗಡಿಯ ಮೊಂಗೊಮೊದಲ್ಲಿ. ರಬ್ಬರ್ ದೋಣಿಯವರಿಗೆ ಅಲ್ಲಿ ಕೆಲಸವಿಲ್ಲ.

ನನ್ನ ಕಟ್ಟುನಿಟ್ಟಿನಿಂದಾಗಿ ಮೂಲಗಳ ಪಟ್ಟಿಯಿಂದ ಹೊರಗಿಡಬೇಕಾಗಿ ಬಂದ ಸಂಗತಿಗಳೇ ಹೆಚ್ಚು ಬೆರಗಿನವು. ಕಿಂಬಾನಿಗೆ ಮಾಟದ ಬಲವಿದೆ ಎಂದು ಝಂಗಾರೊದ ಜನ ಹೆದರುತ್ತಾರೆ. ಅವನ ಹೆಣ ಕಣ್ಣಾರೆ ಕಂಡ ಹೊರತು ನಂಬುವವರಲ್ಲ. 1979ರ ಆಗಸ್ಟ್ 3ರಂದು ಮಾಸಿಯಾಸನನ್ನು ಅವನ ಸೋದರಳಿಯ ಒಬಿಯಾಂಗ್ ಉರುಳಿಸಿದ. ಸೆಪ್ಟೆಂಬರ್ 29ರಂದು ಮರಣದಂಡನೆ. ಗುಂಡು ಹಾರಿಸಿದವರು ಮೊರಾಕೊದ ಸೈನಿಕರು. ಅವನ ಶಕ್ತಿಗೆ ಅಂಜಿ ಸ್ಥಳೀಯ ಸೈನಿಕರು ಹಿಂಜರಿದರೆಂದು ಆಗ ವರದಿಯಾಯಿತು. ಕಾದಂಬರಿ ಬಂದು ಐದು ವರ್ಷ ಕಳೆದಿತ್ತು.

ಇನ್ನೊಂದು 2004ರದು. 1995ರಲ್ಲಿ ಗಿನಿಯ ಕಡಲಲ್ಲಿ ದೊಡ್ಡ ತೈಲ ನಿಕ್ಷೇಪ ಸಿಕ್ಕಿತ್ತು. 2004ರ ಮಾರ್ಚ್ 7ರಂದು ಸೈಮನ್ ಮಾನ್ ಎಂಬ ಬ್ರಿಟಿಷ್ ಮಾಜಿ ಸೇನಾಧಿಕಾರಿ ಮತ್ತು ಅವನ ಬಾಡಿಗೆ ಪಡೆ ಹರಾರೆಯ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರು. ಸ್ಪೇನಿನಲ್ಲಿದ್ದ ದೇಶಭ್ರಷ್ಟ ನಾಯಕನೊಬ್ಬನನ್ನು ತಂದು ಕೂರಿಸುವುದು ಅವರ ಯೋಜನೆ. ಮಾರ್ಗರೆಟ್ ಥ್ಯಾಚರ್ ಅವರ ಮಗ ಮಾರ್ಕ್ ಇದರಲ್ಲಿ ತನ್ನ ಪಾತ್ರಕ್ಕಾಗಿ ದಕ್ಷಿಣ ಆಫ್ರಿಕದ ನ್ಯಾಯಾಲಯದಲ್ಲಿ 30 ಲಕ್ಷ ರಾಂಡ್ ದಂಡ ಕಟ್ಟಿದ. ಪ್ಲಾಟಿನಂ ಜಾಗದಲ್ಲಿ ತೈಲ, ಹಡಗಿನ ಜಾಗದಲ್ಲಿ ವಿಮಾನ, ಮಿಕ್ಕದ್ದೆಲ್ಲ ಝಂಗಾರೊ. ಇಲ್ಲಿ ಯಾರು ಯಾರನ್ನು ನಕಲು ಮಾಡಿದರು ಎಂದು ವಿದ್ಯಾರ್ಥಿಗಳನ್ನು ಕೇಳಿದರೆ ತರಗತಿ ಗಂಟೆ ಹೊಡೆದ ಮೇಲೂ ಮುಗಿಯುವುದಿಲ್ಲ.

ನೋಟ್‌ಬುಕ್ಕಿನಲ್ಲಿ ಒಂದು ಸಾಲು ಖಾಲಿಯಾಗಿಯೇ ಉಳಿಯಿತು: ಝಂಗಾರೊದ ಸಾಮಾನ್ಯ ಪ್ರಜೆ. ಕಾದಂಬರಿಯುದ್ದಕ್ಕೂ ದೇಶದ ಹಣೆಬರಹ ಬರೆಯುವವರು ಹೊರಗಿನವರೇ. ಒಳಗಿನವನು ಬಾಯಿ ತೆರೆದು ನಾಲ್ಕು ಮಾತು ಆಡುವುದಿಲ್ಲ. ಶಸ್ತ್ರಾಸ್ತ್ರ ಕೊಳ್ಳುವ ಕಾಗದಪತ್ರಗಳಿಗೆ ಸಿಕ್ಕಷ್ಟು ಪುಟಗಳು ಒಂದು ಜನಕ್ಕೆ ಸಿಗಲಿಲ್ಲ. ಆ ಸಾಲನ್ನು ತುಂಬಲು ಗಿನಿಯವರೇ ಆದ ದೊನಾತೊ ಎನ್‌ದೊಂಗೊ ಅವರ ಬರಹಗಳ ಕಡೆ ಹೋಗಬೇಕಾಯಿತು. 1997ರಲ್ಲಿ ಬಂದ ಅವರ ಸ್ಪ್ಯಾನಿಷ್ ಕಾದಂಬರಿಯಲ್ಲಿ, ಸ್ಪೇನಿನಲ್ಲಿ ಓದಿ ವಕೀಲನಾದವನೊಬ್ಬ ಮಾಸಿಯಾಸನ ಗಿನಿಗೆ ಮರಳುತ್ತಾನೆ. ಈಗ ತರಗತಿಗೆ ಎರಡನ್ನೂ ಒಟ್ಟಿಗೇ ಒಯ್ಯುತ್ತೇನೆ.