ಹಾಲಿನ ಡೈರಿಯ ಕಟ್ಟೆಯಲ್ಲಿ ಗಂಡಸರ ತಪಾಸಣೆ

ನಮ್ಮ ಆರೋಗ್ಯ ಮಂದಿರಕ್ಕೆ ಬರುವವರಲ್ಲಿ ಹೆಂಗಸರೇ ಹೆಚ್ಚು. ಮಗುವಿನ ಲಸಿಕೆ, ಅತ್ತೆಯ ಮಂಡಿನೋವು ಎಂದು ಏನಾದರೊಂದು ಕಾರಣಕ್ಕೆ ಬರುತ್ತಾರೆ. ಗಂಡಸರು ಬರುವುದು ಮಾತ್ರೆಗೆ, ಅದೂ ಹೆಂಡತಿಯ ಚೀಟಿ ಹಿಡಿದು. ತಿಪಟೂರು ಸೀಮೆಯ ಈ ಹಳ್ಳಿಗೆ ಸಮುದಾಯ ಆರೋಗ್ಯ ಅಧಿಕಾರಿಯಾಗಿ ಬಂದ ಮೊದಲ ವರ್ಷ, ಮೂವತ್ತು ದಾಟಿದ ಗಂಡಸರ ಪಟ್ಟಿ ಇಟ್ಟುಕೊಂಡು ಕಾದಿದ್ದೇ ಬಂತು. ಎರಡನೆಯ ವರ್ಷ ಬಿಪಿ ಯಂತ್ರ, ಗ್ಲೂಕೋಮೀಟರ್, ಟೇಪು ಚೀಲಕ್ಕೆ ಹಾಕಿಕೊಂಡು ಬೆಳಿಗ್ಗೆ ಆರೂವರೆಗೆ ಹಾಲಿನ ಡೈರಿಗೇ ಹೋದೆ.

ಮೊದಲ ದಿನವೇ ಎಡವಟ್ಟು. ಕ್ಯಾನು ಇಳಿಸಿದ ಕೂಡಲೇ ತೋಳಿಗೆ ಪಟ್ಟಿ ಸುತ್ತಿದೆ. ಕೆಲವರ ಕೈಯಲ್ಲಿ ಬೀಡಿ, ಎಲ್ಲರ ಬಾಯಲ್ಲೂ ಹರಟೆ. ನೋಡಿದವರಿಗೆಲ್ಲ ಬಿಪಿ! ಮರುವಾರದಿಂದ ಕ್ರಮ ಬದಲಿಸಿದೆ. ಮೂತ್ರಕ್ಕೆ ಹೋಗಿ ಬಂದಿರಬೇಕು, ಬೀಡಿ ಕಾಫಿ ಮುಗಿದು ಅರ್ಧ ಗಂಟೆಯಾಗಿರಬೇಕು, ಗೋಡೆಗೆ ಒರಗಿ, ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಬೇಕು. ತೋಳನ್ನು ಎದೆಯ ಮಟ್ಟಕ್ಕೆ ಇಡಲು ಹಿಂಡಿಮೂಟೆಗಳೇ ಸಾಕು. 140/90 ಮುಟ್ಟಿದವರನ್ನು ಇನ್ನೊಂದು ದಿನ ನೋಡದೆ ಬಿಪಿ ಪಟ್ಟಿಗೆ ಸೇರಿಸುವುದಿಲ್ಲ. ಆ ಐದು ನಿಮಿಷ ಮಾತು ನಿಲ್ಲಿಸುವುದೇ ನನ್ನ ಕೆಲಸದಲ್ಲಿ ಕಷ್ಟದ್ದು.

ಸೊಂಟದ ಟೇಪು ಕಂಡರೆ ನಗು. ಆಶಾ ಕಾರ್ಯಕರ್ತೆ ತುಂಬುವ ನಮೂನೆಯಲ್ಲಿ ಗಂಡಸರಿಗೆ 90 ಸೆಂಟಿಮೀಟರ್ ದಾಟಿದರೆ ಒಂದು ಅಂಕ, 100 ದಾಟಿದರೆ ಎರಡು. ವಯಸ್ಸು, ತಂಬಾಕು, ಕುಡಿತಕ್ಕೂ ಅಂಕವಿದೆ. ಒಟ್ಟು ನಾಲ್ಕನ್ನು ಮೀರಿದವರನ್ನು ಮೊದಲು ನೋಡುತ್ತೇನೆ.

ಬಾಯಿಯ ಪರೀಕ್ಷೆಗೆ ಯಂತ್ರವೂ ಬೇಡ, ಒಂದು ಟಾರ್ಚು ಸಾಕು. ಕಡ್ಡಿಪುಡಿ ಇಟ್ಟುಕೊಳ್ಳುವ ಕೆನ್ನೆಯ ಸಂದಿಯಲ್ಲಿ, ಬಟ್ಟೆಯಿಂದ ಒರೆಸಿದರೂ ಹೋಗದ ಬಿಳಿ ಮಚ್ಚೆಗಳಿವೆಯೇ ನೋಡುತ್ತೇನೆ. ಅವು ಮುಂದೆ ಕ್ಯಾನ್ಸರ್ ಆಗಬಹುದು, ಕೆಂಪು ಮಚ್ಚೆಯಾದರೆ ಇನ್ನೂ ಭಯ. ಆಮೇಲೆ ಬಾಯಿ ಪೂರ್ತಿ ತೆರೆಯುತ್ತದೆಯೇ ಎಂದು ತಿಳಿಯಲು ಅವರದೇ ಮೂರು ಬೆರಳು ಜೋಡಿಸಿ ಲಂಬವಾಗಿ ಬಾಯೊಳಗೆ ಇಡಲು ಹೇಳುತ್ತೇನೆ. ಮೂವತ್ತನಾಲ್ಕರ ಒಬ್ಬನಿಗೆ ಎರಡೇ ಹಿಡಿದವು. "ಖಾರ ತಿಂದರೆ ಉರಿ ಮೇಡಂ, ಆರು ತಿಂಗಳಿಂದ ಮೊಸರನ್ನವೇ" ಎಂದ. ಹಲ್ಲಿನ ತೊಂದರೆ ಎಂದುಕೊಂಡಿದ್ದನಂತೆ. ಅಡಿಕೆ ಜಗಿದು ಜಗಿದು ಬಾಯಿ ಬಿಗಿದಿತ್ತು. ಜಿಲ್ಲಾ ಆಸ್ಪತ್ರೆಗೆ ಕಳಿಸಿದೆ, ಅಡಿಕೆ ಜಗಿಯುವ ಚಟ ಬಿಡಿಸಿದರು. ಅಡಿಕೆ ಬೆಳೆಯುವವರ ಮುಂದೆ ಅಡಿಕೆಯನ್ನು ದೂರುವುದು ಸುಲಭವಲ್ಲ, ಅದು ಬೇರೆ ಮಾತು.

2025ರ ಜುಲೈನಲ್ಲಿ ಪಕ್ಕದ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಟಿವಿ ತುಂಬಿದಾಗ, ಕರೆದರೂ ಬಾರದಿದ್ದವರೆಲ್ಲ ಇಸಿಜಿ ಬೇಕೆಂದು ಬಂದರು. ಎದೆಯಲ್ಲಿ ನೋವಿಲ್ಲದ ದಿನ ತೆಗೆದ ಇಸಿಜಿ ಸರಿಯಿದ್ದರೂ ರಕ್ತನಾಳ ಕಟ್ಟಿಕೊಂಡಿರಬಹುದು ಎಂದರೆ ಯಾರಿಗೂ ರುಚಿಸಲಿಲ್ಲ. ಬಂದವರನ್ನು ಬಿಡಲಿಲ್ಲ, ಬಿಪಿ ಶುಗರ್ ನೋಡಿ, ನಲವತ್ತು ದಾಟಿದವರನ್ನು ಕೊಲೆಸ್ಟರಾಲ್ ಪರೀಕ್ಷೆಗೆ ಬರೆದುಕೊಟ್ಟೆ.

ಹುಡುಗರ ಸಂಗತಿ ಬೇರೆ. ವೃಷಣದಲ್ಲಿ ನೋವಿಲ್ಲದ ಗಟ್ಟಿ ಗಂಟು ಕ್ಯಾನ್ಸರ್ ಇರಬಹುದು, ಅದನ್ನು ಇಪ್ಪತ್ತು ಮೂವತ್ತರ ವಯಸ್ಸಿನಲ್ಲೇ ಹೆಚ್ಚು ನೋಡಿಕೊಳ್ಳಬೇಕು. ನಾನು ಬಾಯಿ ತೆರೆದರೆ ವಾಲಿಬಾಲ್ ಅಂಗಳ ಖಾಲಿಯಾಗುತ್ತದೆ. ಆ ಪಾಠವನ್ನು ನಮ್ಮ ಆರೋಗ್ಯ ನಿರೀಕ್ಷಕರಿಗೆ ಬಿಟ್ಟಿದ್ದೇನೆ.

ಅರವತ್ತು ದಾಟಿದವರು ಹಾಗಲ್ಲ, ಪಕ್ಕಕ್ಕೆ ಕರೆದು ಕೇಳಿದರೆ ಹೇಳುತ್ತಾರೆ. ರಾತ್ರಿ ಐದು ಸಲ ಏಳುತ್ತಿದ್ದ ಯಜಮಾನರೊಬ್ಬರು ಸಕ್ಕರೆ ಕಾಯಿಲೆಯೆಂದು ತೀರ್ಮಾನಿಸಿ ಕಾಫಿಗೆ ಸಕ್ಕರೆ ಬಿಟ್ಟಿದ್ದರು. ಶುಗರ್ ಸರಿಯಿತ್ತು. ತಾಲ್ಲೂಕು ಆಸ್ಪತ್ರೆಯಲ್ಲಿ ನೋಡಿದಾಗ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ಊದಿತ್ತು, ಕ್ಯಾನ್ಸರ್ ಅಲ್ಲ. ಆ ಗ್ರಂಥಿಯ ಕ್ಯಾನ್ಸರಿನ ಸುಳಿವು ಹುಡುಕುವ ಪಿಎಸ್‌ಎ ರಕ್ತಪರೀಕ್ಷೆಯನ್ನು ಎಲ್ಲರಿಗೂ ಬರೆಸುವುದಿಲ್ಲ. ಊತಕ್ಕೂ ಅದು ಏರುತ್ತದೆ, ಸುಮ್ಮನೆ ದಿಗಿಲು. ಅಪ್ಪನಿಗೋ ಅಣ್ಣನಿಗೋ ಆ ಕ್ಯಾನ್ಸರ್ ಆಗಿದ್ದರೆ ಮಾತ್ರ ಐವತ್ತಕ್ಕೂ ಮೊದಲೇ ವೈದ್ಯರೊಂದಿಗೆ ಮಾತಾಡಲು ಒತ್ತಾಯಿಸುತ್ತೇನೆ.

ಎಲ್ಲರನ್ನೂ ಸಾಲಿನಲ್ಲಿ ನಿಲ್ಲಿಸುತ್ತಿದ್ದ ಡೈರಿ ಕಾರ್ಯದರ್ಶಿ ತಾವು ಕೂರಲು ನಾಲ್ಕು ತಿಂಗಳು ತೆಗೆದುಕೊಂಡರು. ಫ್ಯಾಟ್ ನೋಡಬೇಕು, ಲೆಕ್ಕ ಬರೆಯಬೇಕು ಎಂಬ ಸಬೂಬು. ಕೊನೆಗೆ ಹಾಲು ಹಾಕಲು ಬಂದ ಅಜ್ಜಿಯೊಬ್ಬರು, "ನನ್ನ ಹಾಲನ್ನು ದಿನಕ್ಕೆರಡು ಸಲ ಅಳೆಯುತ್ತೀಯಲ್ಲಪ್ಪ, ನೀನೂ ಒಂದು ಸಲ ಕೂತುಕೋ" ಎಂದರು. 168/104. ಮುಂದಿನ ವಾರವೂ ಹೆಚ್ಚುಕಡಿಮೆ ಅಷ್ಟೇ. ಈಗ ಅವರ ಮಾತ್ರೆಯ ಡಬ್ಬಿ ಫ್ಯಾಟ್ ಯಂತ್ರದ ಪಕ್ಕದಲ್ಲಿರುತ್ತದೆ, ನಾನು ಹೋಗುವಷ್ಟರಲ್ಲಿ ಹಿಂಡಿಮೂಟೆಯನ್ನು ಅವರೇ ಗೋಡೆಯ ಬಳಿಗೆ ಎಳೆದಿಟ್ಟಿರುತ್ತಾರೆ.