ಬೋಟಿನಲ್ಲಿ ಕರೆಂಟ್ ಲೀಕ್: ನಾನು ಹುಡುಕುವ ಬಗೆ

ಉಕ್ಕಿನ ಮೀನುಗಾರಿಕೆ ಬೋಟಿನ 230 ವೋಲ್ಟ್ ಲೈನಿಗೆ ಕೈಹಾಕುವ ಮೊದಲು ನಾನು ನೋಡುವುದು ಒಂದನ್ನೇ: ಜನರೇಟರಿನ ನ್ಯೂಟ್ರಲ್ ಬೋಟಿನ ಮೈಗೆ ಸೇರಿದೆಯೋ, ಅಥವಾ ಎರಡೂ ವೈರ್ ಅರ್ಥ್‌ಗೆ, ಅಂದರೆ ಬೋಟಿನ ಮೈಗೆ, ಸೇರದೆ ಉಳಿದಿವೆಯೋ. ಇಲ್ಲಿ ಹೇಳುವುದು ಈ ಎರಡನೆಯ ಬಗೆಯ ಲೈನಿನ ಬಗ್ಗೆ.

ಅರ್ಥ್‌ಗೆ ಸೇರದ ಲೈನಿನಲ್ಲಿ ಒಂದು ವೈರ್ ಸವೆದು ಬೋಟಿನ ಮೈಗೆ ತಾಗಿದರೂ ಫ್ಯೂಸ್ ಹೋಗುವುದಿಲ್ಲ, ವಿಂಚ್ ನಿಲ್ಲುವುದಿಲ್ಲ. ಕರೆಂಟು ವಾಪಸ್ ಹೋಗಲು ದಾರಿಯೇ ಇಲ್ಲವಲ್ಲ. ಆದರೆ ಅಲ್ಲಿಂದ ಮುಂದೆ ಇನ್ನೊಂದು ವೈರ್‌ಗೂ ಡೆಕ್‌ಗೂ ನಡುವೆ ಪೂರ್ತಿ 230 ವೋಲ್ಟ್ ಕಾದಿರುತ್ತದೆ. ಉಪ್ಪುನೀರಲ್ಲಿ ನೆನೆದ ಮನುಷ್ಯನ ಮೈಯ ರೆಸಿಸ್ಟೆನ್ಸ್ ಸುಮಾರು 1000 ಓಮ್ ಎಂದುಕೊಂಡರೂ 230 ಮಿಲಿಆಂಪಿಯರ್ ಹರಿಯುತ್ತದೆ. ಹಿಡಿದದ್ದನ್ನು ಬಿಡಲಾಗದಂತೆ ಕೈ ಸೆಟೆದುಕೊಳ್ಳಲು 10–15 ಸಾಕು.

30 ಮಿಲಿಆಂಪಿಯರಿನ ಆರ್‌ಸಿಸಿಬಿ (ಹೋದ, ಬಂದ ಕರೆಂಟಿನಲ್ಲಿ ವ್ಯತ್ಯಾಸ ಕಂಡರೆ ಲೈನ್ ಕಡಿಯುವ ಸ್ವಿಚ್) ಇದೆ ಎಂಬ ಧೈರ್ಯ ಇಲ್ಲಿ ಬೇಡ. ಲೀಕೂ ಮುಟ್ಟಿದವನೂ ಅದರಿಂದ ಹೊರಟ ಲೈನಿನಲ್ಲೇ ಇದ್ದರೆ ಹೋದ ಕರೆಂಟು, ಬಂದ ಕರೆಂಟು ಸಮ. ಅದು ಟ್ರಿಪ್ ಆಗುವುದಿಲ್ಲ. ಟೆಸ್ಟ್ ಬಟನ್ ಒತ್ತಿದರೆ ಮಾತ್ರ ಟ್ರಿಪ್ ಆಗುತ್ತದೆ, ಏಕೆಂದರೆ ಬಟನ್‌ಗೆ ಅರ್ಥ್ ಬೇಕಿಲ್ಲ. ಇದನ್ನು ನಂಬಿ ಕೂರುವುದೇ ದೊಡ್ಡ ಅಪಾಯ ಎಂದು ನನ್ನ ಅನಿಸಿಕೆ.

ಹಾಗಾಗಿ ನಾನು ಲೀಕ್ ತೋರಿಸುವ ಬಲ್ಬ್ ಕೂರಿಸುತ್ತೇನೆ. 230 ವೋಲ್ಟಿನ, ಸಮಾನ ವ್ಯಾಟಿನ ಎರಡು ಬಲ್ಬ್‌ಗಳನ್ನು ಎರಡು ವೈರ್‌ಗಳ ನಡುವೆ ಸೀರೀಸ್‌ನಲ್ಲಿ ಹಾಕಿ, ನಡುವಿನ ಜಾಯಿಂಟನ್ನು ಒತ್ತುವ ಸ್ವಿಚ್ ಮೂಲಕ ಬೋಟಿನ ಮೈಗೆ ಕೊಡುತ್ತೇನೆ. ಎಲ್‌ಇಡಿ ಆಗದು, ಹಳೇ ತಂತಿ ಬಲ್ಬೇ ಬೇಕು. ಒತ್ತಿದಾಗ ಎರಡೂ ಸಮನಾಗಿ ಮಂದವಾಗಿದ್ದರೆ ಸರಿ. ಒಂದು ಕಂದಿ ಇನ್ನೊಂದು ಪ್ರಖರವಾದರೆ, ಕಂದಿದ ಕಡೆಯ ವೈರ್ ಮೈಗೆ ತಾಗಿದೆ. ಎಂಸಿಬಿಗಳನ್ನು (ಪ್ರತಿ ಲೈನಿನ ಎರಡೂ ವೈರ್ ಕಡಿಯುವ ಸ್ವಿಚ್‌ಗಳನ್ನು) ಒಂದೊಂದಾಗಿ ಇಳಿಸುತ್ತಾ ಹೋದರೆ, ಯಾವುದನ್ನು ಇಳಿಸಿದಾಗ ಬಲ್ಬ್ ಸಮವಾಗುತ್ತದೋ ಲೀಕ್ ಆ ಲೈನಿನಲ್ಲಿ.

ಆ ಎಂಸಿಬಿಗೆ ಬೀಗ ಹಾಕಿ ಕೀಲಿ ಜೇಬಿಗಿಡುತ್ತೇನೆ. ಟೆಸ್ಟರನ್ನು ಕರೆಂಟಿರುವ ಕಡೆ ನೋಡಿ, ಈ ಲೈನಿನಲ್ಲಿ ನೋಡಿ, ಮತ್ತೆ ಕರೆಂಟಿರುವ ಕಡೆ ನೋಡಿದ ಮೇಲೆಯೇ ಕೈ. ಲೈನಿಗೆ ಸೇರಿದ ಎಲೆಕ್ಟ್ರಾನಿಕ್ ಸಾಮಾನು ಬಿಚ್ಚದೆ 500 ವೋಲ್ಟಿನ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ತಿರುಗಿಸಿದರೆ ಅವು ಸುಟ್ಟುಹೋಗಬಹುದು. ಮೋಟಾರನ್ನೂ ಕೇಬಲನ್ನೂ ಬೇರೆ ಮಾಡಿ ಅಳೆಯಬೇಕು. 1 ಮೆಗಾಓಮ್‌ಗಿಂತ ಕೆಳಗಿದ್ದುದನ್ನು ನಾನು ಮತ್ತೆ ಜೋಡಿಸುವುದಿಲ್ಲ.

ತಪ್ಪು ಹೆಚ್ಚಾಗಿ ಸಿಗುವುದು ಡೆಕ್ಕಿನ ಜಂಕ್ಷನ್ ಬಾಕ್ಸಿನಲ್ಲಿ. ಕೇಬಲ್ ಮೇಲಿಂದ ಇಳಿದಿರುತ್ತದೆ, ಅದರ ಗುಂಟ ನೀರೂ ಇಳಿದಿರುತ್ತದೆ. ಮುಚ್ಚಳ ತೆಗೆದರೆ ಟರ್ಮಿನಲ್ ಸುತ್ತ ಹಸಿರು ಹುಡಿ, ಮೂಲೆಯಲ್ಲಿ ಬಿಳಿ ಉಪ್ಪು. ಬಟ್ಟೆಯಲ್ಲಿ ಒರೆಸಿದರೆ ಸಾಲದು, ಉಳಿದ ಉಪ್ಪು ಗಾಳಿಯ ತೇವವನ್ನೇ ಹೀರುತ್ತದೆ. ಬಿಸಿಲಲ್ಲಿ ಒಳ್ಳೆಯ ರೀಡಿಂಗ್ ಕೊಟ್ಟ ಬಾಕ್ಸ್ ರಾತ್ರಿ ಲೀಕ್ ಆಗುತ್ತದೆ. ಸಿಹಿನೀರಲ್ಲಿ ತೊಳೆದು ಪೂರ್ತಿ ಒಣಗಿಸುತ್ತೇನೆ. ಕೇಬಲನ್ನು ತಾಮ್ರ ಹೊಳೆಯುವವರೆಗೆ ಕತ್ತರಿಸಿ, ತವರ ಲೇಪದ ಲಗ್ ಕ್ರಿಂಪ್ ಮಾಡಿ, ಒಳಗೆ ಅಂಟು ಲೇಪಿಸಿದ ಹೀಟ್‌ಶ್ರಿಂಕ್ (ಬಿಸಿಗೆ ಬಿಗಿಯಾಗುವ ಕೊಳವೆ) ಹಾಕುತ್ತೇನೆ. ಬೆಸುಗೆ ಬೇಡ: ತವರ ಎಳೆಗಳೊಳಗೆ ಏರಿ ಗಟ್ಟಿಯಾಗುತ್ತದೆ, ಎಂಜಿನ್ ಅದುರಿಗೆ ಅದರ ಅಂಚಿನಲ್ಲೇ ವೈರ್ ತುಂಡಾಗುತ್ತದೆ. ಕೇಬಲ್ ಬಾಕ್ಸಿನ ಕೆಳಗಿನಿಂದ ಒಳಹೋಗಬೇಕು, ಹೋಗುವ ಮುನ್ನ ಜೋಲಿಯಾಗಿ ಇಳಿದಿರಬೇಕು.

ಕೈಯಲ್ಲಿ ಹಿಡಿದು ಓಡಾಡುವ ಲ್ಯಾಂಪ್ 24 ವೋಲ್ಟಿನದೇ ಇರಲಿ.

ವಿಂಚ್ ಸ್ವಿಚ್ ಒತ್ತುವವನ ಕೈಕಾಲು ಯಾವಾಗಲೂ ಒದ್ದೆ. ಆದ್ದರಿಂದ ರಿಪೇರಿ ಮುಗಿದ ಮೇಲೆ ಡೆಕ್‌ಗೆ ನೀರು ಹೊಡೆದು, ವಿಂಚ್‌ಗೆ ಲೋಡ್ ಕೊಟ್ಟು, ಇನ್ನೊಮ್ಮೆ ಬಲ್ಬ್ ನೋಡಿಯೇ ಬೋಟು ಬಿಟ್ಟುಕೊಡುತ್ತೇನೆ.