ಬಾವಿ ನೀರು ಉಪ್ಪಾದಾಗ ನಾನು ಮೊದಲು ಮಾಡಿದ್ದೇ ತಪ್ಪು

ಕಡಲ ಪಕ್ಕದ ಹಳ್ಳಿ ಅಂದರೆ ಎಲ್ಲರೂ ಕಡಲ್ಕೊರೆತ, ಬಿರುಗಾಳಿ ಅಂತಾರೆ. ನಮ್ಮನ್ನು ದಿನಾ ಕಾಡಿದ್ದು ಮಾತ್ರ ಕುಡಿಯುವ ನೀರು. ಬೇಸಿಗೆ ಬಂದರೆ ಬಾವಿ ನೀರು ಸವುಳು, ಸೋಪಿಗೆ ನೊರೆಯೇ ಬರುತ್ತಿರಲಿಲ್ಲ. ಕುದಿಸಿದರೆ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಪಾತ್ರೆಯಲ್ಲೇ ಉಳಿಯುತ್ತದೆ.

ಆಳಕ್ಕೆ ಹೋದರೆ ಒಳ್ಳೆ ನೀರು ಸಿಗಬಹುದು ಅಂತ ಬೋರ್‌ವೆಲ್ ಕೊರೆಸಿದೆ. ಸ್ವಲ್ಪ ದಿನ ಚೆನ್ನಾಗಿತ್ತು, ಆಮೇಲೆ ಬಾವಿಗಿಂತ ಜಾಸ್ತಿ ಉಪ್ಪು!

ಕಾರಣ ಗೊತ್ತಾಗಿದ್ದು ದುಡ್ಡು ಹೋದ ಮೇಲೆ. ಸಿಹಿನೀರು ಹಗುರ, ಕಡಲ ನೀರು ಭಾರ. ಹಾಗಾಗಿ ನೆಲದಡಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಅಂದಾಜು ಲೆಕ್ಕದಲ್ಲಿ, ಅಂತರ್ಜಲ ಸಮುದ್ರ ಮಟ್ಟಕ್ಕಿಂತ 1 ಮೀಟರ್ ಮೇಲಿದ್ದರೆ ಆ ಮಟ್ಟದ ಕೆಳಗೆ ಸುಮಾರು 40 ಮೀಟರ್ ಸಿಹಿನೀರು ಇರುತ್ತದೆ. ಎಳೆದೂ ಎಳೆದೂ ಮೇಲೆ ಅರ್ಧ ಮೀಟರ್ ಇಳಿಸಿದರೆ, ನಿಧಾನಕ್ಕೆ ಕೆಳಗಿನಿಂದ 20 ಮೀಟರ್ ಉಪ್ಪು ಏರಿ ಬರುತ್ತದೆ. ನಾನು ಪೈಪು ಇಳಿಸಿದ್ದೇ ಆ ಉಪ್ಪಿನ ಹತ್ತಿರಕ್ಕೆ.

ಬೋರ್ ಬಿಟ್ಟು ಮತ್ತೆ ಬಾವಿಗೆ ಬಂದೆ. ದೊಡ್ಡ ಮೋಟರ್ ತೆಗೆದು ಸಣ್ಣದು ಹಾಕಿದೆ, ಒಂದೇ ಸಲ ಟ್ಯಾಂಕ್ ತುಂಬಿಸುವ ಬದಲು ದಿನಕ್ಕೆ ಮೂರು ಸಲ ಸ್ವಲ್ಪ ಸ್ವಲ್ಪ ಎಳೆಯುತ್ತೇನೆ. ಪೈಪಿನ ತುದಿಯಲ್ಲಿ ನೀರು ಎಳೆದುಕೊಳ್ಳುವ ಫುಟ್‌ವಾಲ್ವ್ ಬಾವಿಯ ತಳದಲ್ಲಿತ್ತು. ಅದನ್ನು ಖಾಲಿ ಪ್ಲಾಸ್ಟಿಕ್ ಕ್ಯಾನಿಗೆ ಕಟ್ಟಿ, ನೀರಿನ ಮೇಲ್ಭಾಗಕ್ಕಿಂತ ತುಸು ಕೆಳಗೆ ತೂಗುವ ಹಾಗೆ ಮಾಡಿದೆ. ಮೊದಲ ದಿನವೇ ಕ್ಯಾನ್ ವಾಲಿ ಪಂಪು ಗಾಳಿ ಎಳೆದುಕೊಂಡಿತು, ಕೆಳಗೊಂದು ಕಲ್ಲು ಕಟ್ಟಿದ ಮೇಲೆ ಸರಿಯಾಯಿತು.

ಮಳೆಗಾಲದಲ್ಲಿ ಮಾಡಿನ ನೀರನ್ನು ಜಲ್ಲಿ, ಮರಳಿನಲ್ಲಿ ಸೋಸಿ ಬಾವಿಗೇ ಬಿಡುತ್ತೇನೆ. 100 ಚದರ ಮೀಟರ್ ಮಾಡಿನ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1000 ಲೀಟರ್, ಚೆಲ್ಲಿ ಹೋಗಿದ್ದು ಬಿಟ್ಟರೂ ಕಮ್ಮಿಯೇನಲ್ಲ ಅಲ್ವಾ? ಮೊದಲ ಮಳೆ ಮಾತ್ರ ಹೊರಗೆ ಹೋಗಲಿ, ಹಕ್ಕಿ ಹಿಕ್ಕೆಯ ಜೊತೆ ಕಡಲ ಗಾಳಿ ತಂದ ಉಪ್ಪೂ ಮಾಡಿನ ಮೇಲೆ ಕೂತಿರುತ್ತದೆ.

ನೀರಿನಲ್ಲಿ ಉಪ್ಪು, ಖನಿಜ ಎಷ್ಟು ಕರಗಿದೆ ಅಂತ ತೋರಿಸುವ ಒಂದು ಟಿಡಿಎಸ್ ಮೀಟರ್ ಇಟ್ಟುಕೊಳ್ಳಿ. ನಾಲಿಗೆಗೆ ಉಪ್ಪು ಅಭ್ಯಾಸವಾಗಿಬಿಡುತ್ತದೆ, ಮೀಟರಿಗೆ ಆಗುವುದಿಲ್ಲ. ಲೀಟರಿಗೆ 1000 ಮಿಲಿಗ್ರಾಂ ದಾಟಿದರೆ ಆ ದಿನ ಪಂಪ್ ಬಂದ್.

ಇದೆಲ್ಲಕ್ಕಿಂತ ಕಷ್ಟವಾಗಿದ್ದು ನೆರೆಯವರನ್ನು ಒಪ್ಪಿಸುವುದು. ನೆಲದಡಿಯ ನೀರಿಗೆ ಬೇಲಿ ಇಲ್ಲವಲ್ಲ, ನಾನೊಬ್ಬ ಕಮ್ಮಿ ಎಳೆದರೆ ಸಾಲದು. ನಾಲ್ಕು ಮನೆಯವರು ಸರದಿ ಮೇಲೆ ಎಳೆಯಲು ಒಪ್ಪಿದ್ದಾರೆ, ಒಬ್ಬರು ಇನ್ನೂ ಇಲ್ಲ. ಅವರ ಮೋಟರ್ ಸದ್ದು ಕೇಳಿದ ಕೂಡಲೇ ಮೀಟರ್ ಹಿಡಿದು ಬಾವಿಕಟ್ಟೆಗೆ ಓಡುತ್ತೇನೆ.